ಶೀಟಿನ ಮೇಲೆ ಸುಣ್ಣ

ಬಾಡಿಗೆಯವಳೊಬ್ಬಳು ತನ್ನ ಶೀಟಿನ ಮನೆಯ ಮಾಡಿಗೆ ಸತತ ಎರಡು ಬೇಸಿಗೆ ಸುಣ್ಣ ಬಳಿದಳು. ಒಳಗೆ ತಂಪಾಯಿತು, ಫ್ಯಾನು ಬೇಡವಾಯಿತು. ಕರೆಂಟ್ ಬಿಲ್ಲಿನಲ್ಲಿ ಉಳಿದದ್ದನ್ನು ತವರಿಗೆ ಹೋಗಲೆಂದು ಕೂಡಿಟ್ಟಳು. ಮಗುವಿಗೆ ಎರಡು ವರ್ಷವಾದರೂ ಅವಳ ಅವ್ವ ಅದನ್ನು ಎತ್ತಿಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ಮಾಲೀಕ ಚನಮಲ್ಲಪ್ಪ ಬಂದ. "ಮನಿ ತಂಪೈತಿ. ಬಾಡಿಗಿ ಹೆಚ್ಚು ಮಾಡೀನಿ."

"ಆತ್ರೀ ಸಾಹುಕಾರ್ರ. ಬಾಜೂಕಿನ ನಿಮ್ಮ ಖಾಲಿ ಮನ್ಯಾಗ ಕೂಡ್ರಿ, ಚಹಾ ತರ್ತೀನಿ."

ಚಹಾ ಬಹಳ ನಿಧಾನವಾಗಿ ಕುದಿಯಿತು. ಚನಮಲ್ಲಪ್ಪ ಬೆವರಲ್ಲಿ ತೊಯ್ದು ಹೊರಗೋಡಿ ಬಂದ.

"ನೀವು ಕೊಟ್ಟದ್ದು ಅಂಥಾ ಮನಿ. ಈ ತಂಪು ನಾ ಬಳದದ್ದು. ಅದಕ್ಕೂ ಬಾಡಿಗಿ ಕೊಡ್ಲೇನ್ರಿ?"

ಅವನು ಮುಖ ಒರೆಸಿಕೊಂಡ. "ಬ್ಯಾಡ ಬಿಡವ್ವ. ಆ ಮನಿಗೂ ಬಳದು ಕೊಡು."

"ಕೂಲಿ ಮೊದಲ ಕೊಡ್ರಿ."

ಮರುವಾರ ತವರಿನ ಬಸ್ಸಿನಲ್ಲಿ ಅವಳು ಮಗುವಿಗೆ ಹೇಳುತ್ತಿದ್ದಳು: "ನಮ್ಮನ್ನ ನೋಡಿ ಮೊದಲ ಯಾರು ಅಳತಾರೋ, ಆಕೀನ ನನ್ನವ್ವ, ನಿನ್ನ ಆಯಿ."