ಕೊನೆಯ ಪಾತಿಗೆ ನೀರು

ಇದು ನಡೆದದ್ದು ಒಂದು ಆಷಾಢದ ಮೊದಲ ವಾರದಲ್ಲಿ.

ವೇದಾವತಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಹೊಳೆಯಲ್ಲಿ ನೀರಿರಲಿಲ್ಲ, ಬರೀ ಮರಳು. ಮರಳಿನಲ್ಲಿ ತೋಡಿದ ಒಂದು ಒರತೆ, ಅದರ ಮೇಲೊಂದು ಏತ. ಏತದಿಂದ ಹೊರಟ ಸಣ್ಣ ಕಾಲುವೆಯ ಉದ್ದಕ್ಕೂ ಕಾಯಿಪಲ್ಯೆಯ ಪಾತಿಗಳು. ಅಲ್ಲಿದ್ದ ಗುರುವನ್ನು ಸುತ್ತಲಿನವರು ಒರತೆಯ ತಾತ ಎಂದು ಕರೆಯುತ್ತಿದ್ದರು.

ಓಬಯ್ಯ ಬಂದಾಗ ಗಾಳಿ ಜೋರಾಗಿತ್ತು. ಚೀಲದಿಂದ ನಾಗಸ್ವರ ತೆಗೆದು ತಾತನ ಪಾದದ ಬಳಿ ಇಟ್ಟ.

“ತಾತ, ನನಗೆ ಸನ್ಯಾಸ ಕೊಡಿ.”

“ಯಾಕಪ್ಪ?”

“ಸಂಸಾರದಲ್ಲಿ ಸಾರವಿಲ್ಲ.”

“ಯಾವಾಗಿನಿಂದ?”

ಓಬಯ್ಯನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

“ವೈಶಾಖದಲ್ಲಿ ಸಾರ ಇತ್ತೋ, ಇಲ್ಲವೋ?”

ಓಬಯ್ಯ ಸುಳ್ಳು ಹೇಳುವವನಲ್ಲ. “ಇತ್ತು” ಎಂದ.

“ಹಾಗಾದರೆ ಕೂತುಕೋ. ಹೇಳು.”

ಓಬಯ್ಯ ಹೇಳಿದ. ಅವನು ಮದುವೆ ಮನೆಗಳಲ್ಲಿ ಓಲಗ ಊದುವವನು. ಮಾಘದಿಂದ ಜ್ಯೇಷ್ಠದವರೆಗೆ ಕೈತುಂಬ ಕೆಲಸ. ಆಷಾಢ ಬಂತೆಂದರೆ ಯಾರೂ ಮದುವೆ ಮಾಡುವುದಿಲ್ಲ, ಯಾರೂ ಅವನನ್ನು ಕರೆಯುವುದಿಲ್ಲ. ಭಾದ್ರಪದವೂ ಹಾಗೆಯೇ. ಪುಷ್ಯವೂ ಹಾಗೆಯೇ.

“ದುಡಿದದ್ದು ಎಲ್ಲಿ ಹೋಗುತ್ತದೆ?”

“ಬಂದ ಹಾಗೇ ಹೋಗುತ್ತದೆ ತಾತ. ಜೊತೆಯವರಿಗೆ ಊಟ ಹಾಕಿಸುತ್ತೇನೆ. ನನಗೊಂದು ಜರಿ ರುಮಾಲು. ಯಾರಾದರೂ ಕೈ ಚಾಚಿದರೆ ಇಲ್ಲ ಅನ್ನಲಾಗದು. ಓಲಗದವನು ಕೈ ಬಿಗಿ ಹಿಡಿದರೆ ಜನ ನಗುತ್ತಾರೆ.”

“ಈಗ ನಗುವುದಿಲ್ಲವೋ?”

ಓಬಯ್ಯ ತಲೆ ತಗ್ಗಿಸಿದ. ಅವನನ್ನು ಇಲ್ಲಿಗೆ ತಂದದ್ದು ಆ ನಗುವೇ.

ಹೊಸದಾಗಿ ಮದುವೆಯಾದ ಹೆಣ್ಣು ಆಷಾಢಕ್ಕೆ ತವರಿಗೆ ಹೋಗುವುದು ಪದ್ಧತಿ. ಓಬಯ್ಯನ ಹೆಂಡತಿ ಪಾಲಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಆದರೂ ಆಷಾಢದ ಹೊತ್ತಿಗೆ ಮನೆಯಲ್ಲಿ ರಾಗಿ ತೀರುತ್ತಿತ್ತು. ಅವಳು ಮಗಳ ಕೈ ಹಿಡಿದು ಅಣ್ಣನ ಮನೆಗೆ ಹೊರಡುತ್ತಿದ್ದಳು. “ಏನೋ ಓಬಯ್ಯ, ನಿನ್ನ ಹೆಂಡತಿ ಇನ್ನೂ ಹೊಸ ಮದುವಣಗಿತ್ತಿಯೇನೋ?” ಎಂದು ಅರಳಿಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದರು.

“ಈ ಸಲ ಹೊರಡುವಾಗ ಏನಂದಳು?”

“‘ಅತ್ತಿಗೆ ನನ್ನ ರೊಟ್ಟಿ ಎಣಿಸುತ್ತಾಳೆ. ಇದೇ ಕೊನೆ. ಮುಂದಿನ ಆಷಾಢಕ್ಕೂ ನನ್ನನ್ನು ಕಳಿಸಿದರೆ ನಾನು ವಾಪಸು ಬರುವುದಿಲ್ಲ’ ಅಂದಳು.”

“ಅವಳು ನಿನಗೆ ಒಂದು ವರ್ಷ ಕೊಟ್ಟಳು. ನೀನು ವಾರ ತುಂಬುವ ಮೊದಲೇ ಇಲ್ಲಿಗೆ ಬಂದೆ.”

“ನನ್ನಿಂದಾಗದು ತಾತ. ಲೆಕ್ಕ ನನಗೆ ಒಗ್ಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಊದಲೂ ಆಗುವುದಿಲ್ಲ.”

ತಾತ ಎದ್ದು ನಾಗಸ್ವರವನ್ನು ಗೋಡೆಯ ಗೂಟಕ್ಕೆ ನೇತುಹಾಕಿದರು.

“ಸನ್ಯಾಸದ ಮಾತು ಆಮೇಲೆ. ನಾಳೆಯಿಂದ ಪಾತಿಗಳಿಗೆ ನೀರು ಕಟ್ಟು.”

ಮತ್ತೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು. “ಮರುಳಪ್ಪ, ಒಂದು ಎಲೆ ಹೆಚ್ಚು ಹಾಕು.”

ಅಡುಗೆ ಮಾಡುತ್ತಿದ್ದ ಹಳೆಯ ಶಿಷ್ಯ ಮರುಳಪ್ಪ ಹೊರಗೆ ಇಣುಕಿದ. “ಸಂಸಾರಿಯ ಎಲೆಯೋ, ಸನ್ಯಾಸಿಯ ಎಲೆಯೋ? ಮುದ್ದೆ ಆ ಪ್ರಕಾರ ಕಟ್ಟಬೇಕಲ್ಲ.”

“ಇನ್ನೂ ತೀರ್ಮಾನವಾಗಿಲ್ಲ. ದೊಡ್ಡದೇ ಕಟ್ಟು.”

ಒರತೆಯ ಸ್ವಭಾವ ಹೀಗಿತ್ತು. ಬೆಳಗಿನ ಜಾವಕ್ಕೆ ತುಂಬಿರುತ್ತಿತ್ತು. ಬಿಸಿಲೇರುವಷ್ಟರಲ್ಲಿ ಏತಕ್ಕೆ ಕೆಸರು ಸಿಗುತ್ತಿತ್ತು. ಮತ್ತೆ ನೀರು ಬೇಕೆಂದರೆ ಮರುದಿನ.

ಏತಕ್ಕೆ ಹತ್ತಿರದ ಪಾತಿಯಲ್ಲಿ ದಂಟು. ಆಮೇಲೆ ಮೆಂತ್ಯ, ಬದನೆ, ಮೆಣಸಿನ ಗಿಡ. ಕಾಲುವೆಯ ತುದಿಯಲ್ಲಿ ಹೀರೆ.

ಓಬಯ್ಯ ದಂಟಿನ ಪಾತಿಯ ಬಾಯಿ ಬಿಡಿಸಿ ನೀರು ಎತ್ತಿದ. ಪಾತಿ ಕೆರೆಯ ಹಾಗೆ ತುಂಬಿ ನಿಂತಿತು. ನೋಡಲು ಚೆನ್ನಾಗಿತ್ತು. ಆಮೇಲೆ ಮೆಂತ್ಯಕ್ಕೆ ಬಿಟ್ಟ. ಬದನೆಗೆ ಬಿಡುವಾಗ ನೀರು ಸಣ್ಣಗಾಯಿತು. ಮೆಣಸಿನ ಗಿಡದ ಬುಡ ಒದ್ದೆಯಾಯಿತು, ಅಷ್ಟೆ. ಹೀರೆಯ ಪಾತಿಗೆ ಏನೂ ಹೋಗಲಿಲ್ಲ.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಹೀರೆ ಬಳ್ಳಿಯ ಎಲೆಗಳು ಮುದುಡಿದವು.

“ನೀರು ಸಾಲದು ತಾತ” ಎಂದ ಓಬಯ್ಯ.

“ಏನು ಮಾಡೋಣ?”

“ಇನ್ನೊಂದು ಒರತೆ ತೋಡುತ್ತೇನೆ.”

“ತೋಡು.”

ಓಬಯ್ಯ ಹತ್ತು ಹೆಜ್ಜೆ ಆಚೆ ಮರಳು ಬಗೆದ. ಸಂಜೆಯವರೆಗೆ ಬಗೆದ. ಬೆಳಗಿನ ಜಾವ ಓಡಿ ಹೋಗಿ ನೋಡಿದರೆ ಹೊಸ ಒರತೆಯಲ್ಲಿ ಅರ್ಧ ನೀರು. ಖುಷಿಯಾಯಿತು. ಹಳೆಯ ಒರತೆಗೆ ಬಂದು ನೋಡಿದ. ಅಲ್ಲೂ ಅರ್ಧ.

“ಮರಳು ಒಂದೇ ಅಲ್ಲವೇ” ಎಂದರು ತಾತ. ಓಬಯ್ಯ ಅಂದು ಸಂಜೆ ಹೊಸ ಒರತೆಯನ್ನು ತಾನೇ ಮುಚ್ಚಿದ.

ಊಟಕ್ಕೆ ಕೂತಾಗ ಮರುಳಪ್ಪ ಮುದ್ದೆ ಇಟ್ಟು ಕೇಳಿದ. “ನಿನ್ನ ಹೀರೆಕಾಯಿಯ ಸಾರು ಯಾವಾಗ ಮಾಡಲಿ?”

“ಬಳ್ಳಿಯೇ ಒಣಗುತ್ತಿದೆ ಮರುಳಪ್ಪಣ್ಣ.”

“ದಂಟು ಮಾತ್ರ ಮದುವೆ ಮನೆಯ ಹಾಗಿದೆ, ನೋಡಿದೆ. ಬುಡ ಕೊಳೆಯುತ್ತಿದೆ.”

ಓಬಯ್ಯನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು.

ಮರುದಿನ ಕತ್ತಲು ಹರಿಯುವ ಮೊದಲು ತಾತ ಸನಿಕೆ ಹಿಡಿದು ಬಂದರು. ದಂಟಿನ ಪಾತಿಯ ಬಾಯಿಗೆ ಮಣ್ಣು ಹಾಕಿ ಮುಚ್ಚಿದರು. ಮೆಂತ್ಯದ್ದು ಮುಚ್ಚಿದರು. ಬದನೆಯದು, ಮೆಣಸಿನ ಗಿಡದ್ದು ಮುಚ್ಚಿದರು. ಹೀರೆಯ ಪಾತಿಯ ಬಾಯಿ ಮಾತ್ರ ಬಿಡಿಸಿದರು.

“ಎತ್ತು.”

“ಅಷ್ಟು ದೂರ ಹೋಗುವಷ್ಟರಲ್ಲಿ ಇಂಗಿಹೋಗುತ್ತದೆ ತಾತ.”

“ಎತ್ತು.”

ಓಬಯ್ಯ ಎತ್ತಿದ. ನೀರು ನಾಲ್ಕು ಪಾತಿಗಳ ಮಗ್ಗುಲಲ್ಲಿ ಹಾದು ಹೀರೆಗೆ ಹೋಯಿತು. ಅದು ತೃಪ್ತಿಯಾದ ಮೇಲೆ ತಾತ ಅದರ ಬಾಯಿ ಮುಚ್ಚಿ ಮೆಣಸಿನ ಗಿಡದ್ದು ಬಿಡಿಸಿದರು. ಹೀಗೆ ಹಿಂದೆ ಹಿಂದೆ ಬಂದರು. ದಂಟಿನ ಪಾತಿಗೆ ಬರುವಾಗ ಏತಕ್ಕೆ ಕೆಸರು ಸಿಕ್ಕಿತು. ಮೂರು ದಿನ ಹೀಗೇ ನಡೆಯಿತು.

“ನೋಡಿದಿರಾ? ದಂಟಿಗೆ ಏನೂ ಉಳಿಯಲಿಲ್ಲ.”

“ಬೆರಳು ಹಾಕಿ ನೋಡು.”

ಓಬಯ್ಯ ಕುಕ್ಕರುಗಾಲಲ್ಲಿ ಕೂತು ದಂಟಿನ ಬುಡದಲ್ಲಿ ಬೆರಳು ಇಳಿಸಿದ. ಮೇಲೆ ಮಣ್ಣು ಒಣಗಿತ್ತು. ಒಳಗೆ ತಂಪಾಗಿತ್ತು. ಬೆರಳು ಇಳಿದಷ್ಟೂ ತಂಪು.

“ಇದೆಲ್ಲಿಂದ ಬಂತು?”

“ಬೆಳಗಿನಿಂದ ನೀರೆಲ್ಲ ಅದರ ಮಗ್ಗುಲಲ್ಲೇ ಹೋಯಿತಲ್ಲ.”

ಓಬಯ್ಯ ಬೆರಳು ತೆಗೆಯಲಿಲ್ಲ. ಬಿಸಿಲು ಬೆನ್ನಿಗೆ ಬಂತು.

“ತಾತ, ನನ್ನ ಮನೆಗೂ ಹೀಗೆ ನೀರು ಕಟ್ಟಬಹುದೇ?”

“ನಿನ್ನ ಮನೆಗೆ ತಿಂಗಳಿಗೆ ರಾಗಿ ಎಷ್ಟು ಬೇಕು?”

ಓಬಯ್ಯ ಮಣ್ಣಿನಿಂದ ಬೆರಳು ತೆಗೆದು ಎಣಿಸಲು ಹೊರಟು, ಅಲ್ಲಿಗೇ ಬಿಟ್ಟ.

“ಎಣ್ಣೆ?”

“ಗೊತ್ತಿಲ್ಲ.”

“ಯಾರಿಗೆ ಗೊತ್ತು?”

“ಪಾಲಕ್ಕನಿಗೆ.”

“ಮತ್ತೆ ನನ್ನ ಹತ್ತಿರ ಯಾಕೆ ಬಂದೆ?”

ಗಾಳಿ ಮರಳೆಬ್ಬಿಸಿತು. ಓಬಯ್ಯ ಕಣ್ಣುಜ್ಜಿಕೊಂಡ.

“ಆಷಾಢದಲ್ಲಿ ಅಳಿಯ ಅತ್ತೆ ಮನೆಯ ಹೊಸ್ತಿಲು ದಾಟಬಾರದಂತೆ ತಾತ. ಹೋದರೆ ಊರೆಲ್ಲ ನಗುತ್ತದೆ.”

“ಹೊಸ್ತಿಲ ಹೊರಗೆ ಕೂತು ಕೇಳು.”

“ನನ್ನ ಸನ್ಯಾಸ?”

ತಾತ ಒಳಗೆ ಹೋಗಿ ನಾಗಸ್ವರ ತಂದು ಅವನ ಕೈಗಿಟ್ಟರು. “ಮುಂದಿನ ಆಷಾಢಕ್ಕೂ ಬೇಕೆನಿಸಿದರೆ ಬಾ.”

ಮರುದಿನ ಓಬಯ್ಯ ಪಾಲಕ್ಕನ ಅಣ್ಣನ ಮನೆಗೆ ಹೋಗಿ ಹೊಸ್ತಿಲ ಹೊರಗೆ ಕೂತ. ಪಾಲಕ್ಕ ಒಳಗೆ ನಿಂತಳು.

“ಯಾಕೆ ಬಂದೆ?”

“ನಮ್ಮ ಮನೆಗೆ ತಿಂಗಳಿಗೆ ರಾಗಿ ಎಷ್ಟು ಬೇಕು?”

ಪಾಲಕ್ಕ ಅವನನ್ನೇ ನೋಡಿದಳು. ಕುಡಿದಿದ್ದಾನೋ ಎಂದು ನೋಡಿದಳು. ಕುಡಿದಿರಲಿಲ್ಲ.

“ಒಂಬತ್ತು ವರ್ಷಕ್ಕೆ ಈಗ ಕೇಳುತ್ತಿದ್ದೀ” ಎಂದು ಹೊಸ್ತಿಲ ಒಳಬದಿಯಲ್ಲಿ ಕೂತಳು.

ರಾಗಿ ಹೇಳಿದಳು. ಎಣ್ಣೆ, ಉಪ್ಪು, ಬೆಲ್ಲ, ಮಗಳ ಶಾಲೆಯ ಅಂಗಿ, ವರ್ಷಕ್ಕೊಮ್ಮೆ ಮನೆಯ ಮಾಡು ಹೊದಿಸುವ ಖರ್ಚು. ಯಾವುದು ಯಾವ ತಿಂಗಳಲ್ಲಿ ತೀರುತ್ತದೆ, ಯಾವುದನ್ನು ಸುಗ್ಗಿಯಲ್ಲಿ ಕೊಂಡರೆ ಅಗ್ಗ ಎಂದು ಹೇಳಿದಳು. ಯಾರೂ ಕೇಳದೆ ಒಳಗೇ ಉಳಿದಿದ್ದ ಲೆಕ್ಕ ಅದು. ಒಂದೂ ತಡವರಿಸಲಿಲ್ಲ.

ಓಬಯ್ಯ ತೊಡೆಯ ಮೇಲೆ ತಾಳ ಹಾಕುತ್ತ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡ. ಒಂದು ಆವರ್ತ ರಾಗಿಗೆ, ಒಂದು ಆವರ್ತ ಎಣ್ಣೆಗೆ. ಮೂರನೆಯ ಸಲಕ್ಕೆ ತಪ್ಪಿಲ್ಲದೆ ಒಪ್ಪಿಸಿದ.

“ಲೆಕ್ಕ ಒಗ್ಗುವುದಿಲ್ಲ ಅನ್ನುತ್ತಿದ್ದೆ” ಎಂದಳು ಪಾಲಕ್ಕ.

“ಇದು ತಾಳ.”

ಒಳಗಿನಿಂದ ಅತ್ತಿಗೆಯ ದನಿ ಬಂತು. “ನಿನ್ನ ಯಜಮಾನರು ಒಳಗೆ ಬರುವುದಿಲ್ಲವೇನೇ?”

“ಬರುವುದಿಲ್ಲ ಅತ್ತಿಗೆ. ನಿಮ್ಮ ಎರಡು ರೊಟ್ಟಿ ಉಳಿಯಿತು.”

ಓಬಯ್ಯ ನಕ್ಕ. ಪಾಲಕ್ಕ ನಗಲಿಲ್ಲ. ಆದರೆ ಅವನು ಹೊರಡುವಾಗ ಬೇಲಿಯವರೆಗೆ ಬಂದಳು.

ಮಳೆಗಾಲ ಕಳೆಯಿತು. ಪುಷ್ಯ ಕಷ್ಟದಲ್ಲೇ ಕಳೆಯಿತು. ಮಾಘದಲ್ಲಿ ಮದುವೆಗಳು ಶುರುವಾದವು.

ಪಾಲಕ್ಕ ಮೂರು ಮಣ್ಣಿನ ಗುಡಾಣ ತಂದು ನಡುಮನೆಯಲ್ಲಿ ಸಾಲಾಗಿ ಇಟ್ಟಳು. ಒಂದು ಆಷಾಢದ್ದು, ಒಂದು ಭಾದ್ರಪದದ್ದು, ಒಂದು ಪುಷ್ಯದ್ದು. ಓಬಯ್ಯ ಮದುವೆ ಮುಗಿಸಿ ಬಂದ ದಿನ ದುಡ್ಡಾದರೆ ರಾಗಿ ಕೊಂಡು, ರಾಗಿಯೇ ಸಿಕ್ಕಿದ್ದರೆ ಹಾಗೇ, ಮೊದಲು ಗುಡಾಣಕ್ಕೆ. ಪುಷ್ಯದ್ದು ದೂರದ್ದು, ಅದು ಮೊದಲು ತುಂಬಿತು. ಆಮೇಲೆ ಭಾದ್ರಪದದ್ದು. ಗುಡಾಣಕ್ಕೆ ಹಾಕಿ ಮಿಕ್ಕಿದ್ದರಲ್ಲಿ ಆ ತಿಂಗಳ ಸಂತೆ.

ಡೋಲು ಬಾರಿಸುವ ಗೆಳೆಯ ಕೆಣಕಿದ. “ಏನಣ್ಣ, ಈ ವರ್ಷವೂ ಅದೇ ರುಮಾಲು? ಮದುಮಗನಿಗಿಂತ ನೀನೇ ಮಿಂಚುತ್ತಿದ್ದೆ.”

“ಮದುಮಗ ಮಿಂಚಲಿ ಬಿಡು. ಅವನಿಗೆ ಇದೊಂದೇ ದಿನ.”

ಒಮ್ಮೆ ಮಾತ್ರ ಜಾರಿದ. ವೈಶಾಖದ ಒಂದು ದೊಡ್ಡ ಮದುವೆಯಲ್ಲಿ ಜನ ತಲೆದೂಗಿದರು, ಹೊಗಳಿದರು. ಹೊಗಳಿದವರಿಗೆಲ್ಲ ಓಬಯ್ಯ ಊಟ ಹಾಕಿಸಿದ. ಬರಿಗೈಯಲ್ಲಿ ಮನೆಗೆ ಬಂದ.

ಪಾಲಕ್ಕ ಬೈಯಲಿಲ್ಲ. ಆಷಾಢದ ಗುಡಾಣ ಇನ್ನೂ ಖಾಲಿ ಇತ್ತು. ಅದನ್ನು ಉರುಳಿಸಿಕೊಂಡು ಹೋಗಿ ಬೀದಿಗೆ ಕಾಣುವ ಹಾಗೆ ಜಗಲಿಯ ಮೇಲೆ ಬೋರಲು ಹಾಕಿದಳು.

ಹಾದಿಯಲ್ಲಿ ಹೋಗುವವರು ಅದೇನೆಂದು ಕೇಳಿದರು. “ನಮ್ಮ ತವರಿನ ದಾರಿ” ಎಂದಳು.

ಓಬಯ್ಯ ಗುಡಾಣವನ್ನು ತಾನೇ ಹೊತ್ತು ಒಳಗಿಟ್ಟ. ದೂರದ ಊರೆಂದು ಬಿಟ್ಟಿದ್ದ ಎರಡು ಮದುವೆಗಳಿಗೆ ನಡೆದೇ ಹೋಗಿ ಒಪ್ಪಿಕೊಂಡು ಬಂದ. ಜ್ಯೇಷ್ಠ ಮುಗಿಯುವ ಮೊದಲು ಮೂರನೆಯ ಗುಡಾಣದ ಬಾಯಿಗೂ ಬಟ್ಟೆ ಕಟ್ಟಿದರು.

ಮತ್ತೆ ಆಷಾಢ. ಮತ್ತೆ ಗಾಳಿ.

ತಾತ ಹೀರೆಯ ಚಪ್ಪರ ಬಿಗಿಯುತ್ತಿದ್ದರು. ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ತಿರುಗಲಿಲ್ಲ.

“ಸನ್ಯಾಸಕ್ಕೆ ಬಂದೆಯಾ?”

“ಇಲ್ಲ ತಾತ.”

“ಮತ್ತೆ?”

“ಒರತೆ ನೋಡಬೇಕೆಂದು ಪಾಲಕ್ಕ ಹಟ ಹಿಡಿದಳು.”

ತಾತ ತಿರುಗಿದರು. ಪಾಲಕ್ಕ ಸೆರಗು ಸರಿಮಾಡಿಕೊಂಡು ಕೈಮುಗಿದಳು. ಮಗಳು ಆಗಲೇ ದಂಟಿನ ಪಾತಿಯ ಬಳಿ ಕೂತು ಮಣ್ಣಿನಲ್ಲಿ ಬೆರಳು ಇಳಿಸುತ್ತಿದ್ದಳು. ಅಪ್ಪ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದ.

“ಮೇಲೆ ಒಣಗಿದೆ” ಎಂದಳು. “ಒಳಗೆ ಇಲ್ಲ.”

ತಾತ ಓಬಯ್ಯನನ್ನು ನೋಡಿದರು. “ಮನೆಯಲ್ಲಿ ರಾಗಿ?”

“ಮೂರು ಗುಡಾಣ ಇಟ್ಟಿದ್ದೇವೆ ತಾತ. ಆಷಾಢದ್ದು ಮುಕ್ಕಾಲು ಇದೆ. ಉಳಿದವನ್ನು ಮುಟ್ಟಿಲ್ಲ.”

“ಹತ್ತಿರದ ಪಾತಿ ಒಣಗಿತೋ?”

“ಇಲ್ಲ ತಾತ. ಮದುವೆ ಮನೆಯಲ್ಲಿ ಊಟ ಹೇಗೂ ಇರುತ್ತದೆ. ಜ್ಯೇಷ್ಠದಲ್ಲಿ ಒಬ್ಬ ಯಜಮಾನರು ಹೊಸ ರುಮಾಲನ್ನೂ ತಲೆಗೆ ಸುತ್ತಿದರು.”

“ಹೆಗಲಲ್ಲಿ ನಾಗಸ್ವರ ಯಾಕೆ? ಆಷಾಢದಲ್ಲಿ ಯಾರು ಕರೆದರು?”

“ಯಾರೂ ಕರೆದಿಲ್ಲ. ಯಾರೂ ಕರೆಯದ ತಿಂಗಳಲ್ಲಿ ನನಗೆ ಬೇಕಾದ್ದು ಊದಬಹುದು ಅಂತ ಈ ವರ್ಷ ಗೊತ್ತಾಯಿತು.”

ಓಬಯ್ಯ ಒರತೆಯ ದಂಡೆಯಲ್ಲಿ ಕೂತು ಊದಿದ. ಗಾಳಿ ದನಿಯನ್ನು ಹೊಳೆಯ ಆಚೆ ದಡಕ್ಕೆ ಒಯ್ದಿತು. ಪಾಲಕ್ಕ ಹೀರೆಯ ಚಪ್ಪರದ ನೆರಳಲ್ಲಿ ಕೂತು ಕೇಳಿದಳು. ಹತ್ತು ವರ್ಷ ಅವಳು ಅದನ್ನು ದೂರದ ಮದುವೆ ಮನೆಗಳ ಸುದ್ದಿಯಾಗಿ ಕೇಳಿದ್ದಳು, ಅಷ್ಟೆ.

ಮುಗಿದ ಮೇಲೆ ಓಬಯ್ಯ ನಾಗಸ್ವರವನ್ನು ಒರೆಸಿ ಮತ್ತೆ ಹೆಗಲಿಗೆ ಹಾಕಿಕೊಂಡ.

ತಾತ ಒಂದು ಎಳೆಯ ಹೀರೆಕಾಯಿ ಕಿತ್ತು ಮಗಳ ಕೈಗೆ ಕೊಟ್ಟು, ಅಡುಗೆಮನೆಯ ಕಡೆ ತಿರುಗಿದರು.

“ಮರುಳಪ್ಪ, ಎಲೆ ಹೆಚ್ಚು ಹಾಕು.”

“ಎಷ್ಟು ತಾತ?”

“ಮೂರು.”