ಇಬ್ಬರು ಓಟಗಾರರು, ಇಬ್ಬರು ಹೊಗಳುಗುರುಗಳು

ಕಣಿವೆಕೋಟೆಯ ದೊರೆ ರಂಗನಾಯಕನಿಗೆ ಶತ್ರುಗಳ ಕಾಟವಿರಲಿಲ್ಲ. ಇಬ್ಬರು ಗುರುಗಳ ಕಾಟವಿತ್ತು.

ಊರಿನ ಮೂಡಣಕ್ಕೆ ಪರಮೇಶ್ವರ ಭಟ್ಟರ ವಿದ್ಯಾಶಾಲೆ, ಪಡುವಣಕ್ಕೆ ನಂಜುಂಡ ಶಾಸ್ತ್ರಿಗಳದ್ದು. ಅರಮನೆಯ ಓಲೆಕಾರನಿಗೆ ಓದಲೂ ಬರಬೇಕು, ಓಡಲೂ ಬರಬೇಕು ಎಂಬುದು ಅಲ್ಲಿನ ಪದ್ಧತಿ. ಹಾಗಾಗಿ ಎರಡೂ ಶಾಲೆಗಳಲ್ಲಿ ಬೆಳಿಗ್ಗೆ ಪಾಠ, ಸಂಜೆ ಓಟ. ಪಂದ್ಯವೆಂದರೆ ಊರ ಕೆರೆಗೆ ಎರಡು ಸುತ್ತು. ಬಹಳ ಪೇಚಿನ ದೂರ ಅದು. ಮೊದಲ ಸುತ್ತಿನಲ್ಲೇ ಉಸಿರೆಲ್ಲ ಖರ್ಚು ಮಾಡಿದವನು ಎರಡನೆಯದರಲ್ಲಿ ಏರಿಯ ಮೇಲೆ ಕುಕ್ಕರಿಸುತ್ತಾನೆ. ಜಿಪುಣನಂತೆ ಉಳಿಸಿಕೊಂಡವನು ಖರ್ಚಿಗೆ ಕೈ ಹಾಕುವಷ್ಟರಲ್ಲಿ ಕೆರೆಯೇ ಮುಗಿದಿರುತ್ತದೆ.

ಭಟ್ಟರ ಶಾಲೆಯಲ್ಲಿ ಕೆಂಚ, ಶಾಸ್ತ್ರಿಗಳ ಶಾಲೆಯಲ್ಲಿ ಓಬಳ. ಒಂದು ಸಲ ಇವನು ಗೆದ್ದರೆ ಮರುಸಲ ಅವನು. ಓಟ ಮುಗಿದ ಮೇಲೆ ಹುಡುಗರಿಬ್ಬರೂ ಒಂದೇ ಪೊಟ್ಟಣದ ಪುರಿ ತಿನ್ನುತ್ತ ಮನೆಗೆ ಹೋಗುತ್ತಿದ್ದರು. ಜಗಳವೆಲ್ಲ ಗುರುಗಳದ್ದು.

"ಮಹಾಪ್ರಭು, ನಮ್ಮ ಕೆಂಚನ ಕಾಲಿನ ಮೀನಖಂಡ ನೋಡಿದ್ದೀರಾ? ಅವನು ಇನ್ನೂ ತನ್ನ ಅರ್ಧ ಬಲವನ್ನೂ ತೋರಿಸಿಲ್ಲ."

"ನಮ್ಮ ಓಬಳ ಕಾಲು ಭಾಗವನ್ನೂ ತೋರಿಸಿಲ್ಲ, ಪ್ರಭು."

"ಅರ್ಧ ಅಂದದ್ದು ಸಂಕೋಚಕ್ಕೆ. ಕೆಂಚ ವೀಸದಷ್ಟೂ ತೋರಿಸಿಲ್ಲ."

ದಿನಾ ಒಡ್ಡೋಲಗದಲ್ಲಿ ಇದೇ ರಾಮಾಯಣ. ದೂರು ಹೇಳಿಕೊಳ್ಳಲು ಬಂದವರು ಬಾಗಿಲಲ್ಲೇ ಮುದುಕರಾಗುತ್ತಿದ್ದರು. ಕೊನೆಗೊಂದು ದಿನ ದೊರೆಯ ತಾಳ್ಮೆ ಕೆಟ್ಟಿತು.

"ಒಂದೇ ಶಾಲೆ ಇದ್ದರೆ ಒಂದೇ ಬಾಯಿ. ಅಳಸಿಂಗ, ಇಲ್ಲಿ ಬಾ."

ಅಳಸಿಂಗ ಆಸ್ಥಾನದ ಜಾಣ. ಮಾತಿನಲ್ಲೇ ಅನ್ನ ದುಡಿಯುವವನು.

"ಮೂರು ವರ್ಷದ ಮೇಲೆ ಈ ಇಬ್ಬರಲ್ಲಿ ಯಾರು ಮುಂದಿರುತ್ತಾರೆ? ನಾಡಿದ್ದು ಹೇಳಬೇಕು. ಓಡಿಸಿ ನೋಡುವ ಹಾಗಿಲ್ಲ, ಓಡಿಸಿದರೆ ಇವತ್ತಿನದು ತಿಳಿಯುತ್ತದೆ, ನನಗೆ ಬೇಕಾದ್ದು ಅವತ್ತಿನದು. ಹಿಂದುಳಿಯುವವನ ಶಾಲೆಗೆ ಬೀಗ. ನೀನು ಹೇಳದೆ ಹೋದರೆ ಎರಡಕ್ಕೂ ಬೀಗ."

ಅಳಸಿಂಗ ಲೆಕ್ಕ ಹಾಕಿದ. ಯಾವ ಕಡೆ ಬೆರಳು ತೋರಿಸಿದರೂ ಅರ್ಧ ಊರಿನ ಮಕ್ಕಳು ಬೀದಿಪಾಲು, ಸುಮ್ಮನಿದ್ದರೆ ಇಡೀ ಊರಿನ ಮಕ್ಕಳು. ಮೀನಖಂಡ ಅಳೆದು ಭವಿಷ್ಯ ಹೇಳುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ. ಬರುತ್ತದೆ ಎನ್ನುವವರ ಮೇಲೆ ನಂಬಿಕೆಯೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತರೆ ಹೆಂಡತಿ ಸಾರು ಬಡಿಸುತ್ತ ಗೊಣಗಿದಳು: "ಪಕ್ಕದ ಮನೆ ತಿಮ್ಮಪ್ಪಯ್ಯನವರು ದಿನಾ ಹೆಂಡತಿಗೆ ನೀರು ಸೇದಿ ಕೊಡ್ತಾರೆ. ನೀವೂ ಇದ್ದೀರಿ."

ಅದೇ ಹೊತ್ತಿಗೆ ಗೋಡೆಯಾಚೆಯಿಂದ ತಿಮ್ಮಪ್ಪಯ್ಯನ ಹೆಂಡತಿಯ ದನಿ ಕೇಳಿಸಿತು: "ಅಳಸಿಂಗಯ್ಯನವರನ್ನ ನೋಡಿ ಕಲೀರಿ. ಹೆಂಡತಿ ಎಷ್ಟಂದರೂ ಒಂದು ಎದುರು ಮಾತಿಲ್ಲ."

ಅಳಸಿಂಗನ ತುತ್ತು ಬಾಯಿಗೆ ಹೋಗದೆ ನಿಂತಿತು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ನಗುತ್ತಾ ಎದ್ದ, ಮಜ್ಜಿಗೆಗೂ ಕಾಯಲಿಲ್ಲ.

ಮರುದಿನ ಅರಮನೆಯ ಒಳಕೋಣೆಯಲ್ಲಿ ಒಂದು ತೆರೆ ಕಟ್ಟಿಸಿ, ಅದರ ಹಿಂದೆ ದೊರೆಯನ್ನು ಕೂರಿಸಿದ. ಮೊದಲು ಭಟ್ಟರನ್ನು ಕರೆಸಿಕೊಂಡ.

"ಭಟ್ಟರೇ, ಮೂರು ವರ್ಷದ ಮೇಲೆ ಒಂದು ಪಂದ್ಯ. ಯಾವ ಶಾಲೆಯವನಾದರೂ ಸರಿ, ಇಬ್ಬರಲ್ಲಿ ಬೇಕಾದವನನ್ನು ಆರಿಸಿಕೊಂಡು ನೀವು ಪಳಗಿಸಬೇಕು. ಸೋತ ಹುಡುಗನ ಗುರು ಗೆದ್ದ ಹುಡುಗನ ಗುರುವಿಗೆ ಜೀವಮಾನವಿಡೀ ಛತ್ರಿ ಹಿಡಿಯಬೇಕು. ಯಾರನ್ನು ಕೊಡಿಸಲಿ?"

ಭಟ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇದು ನಮ್ಮಿಬ್ಬರಲ್ಲೇ ಇರಲಿ. ಆ ಓಬಳನ್ನ ಕೊಡಿಸಿಬಿಡಿ."

"ಕೆಂಚನ ಮೀನಖಂಡ?"

"ಮೀನಖಂಡ ಇದೆ, ತಲೆ ಇರಬೇಕಲ್ಲ. ಓಡ್ತಾ ಓಡ್ತಾ ಹಿಂದೆ ತಿರುಗಿ ನೋಡ್ತಾನೆ. ಓಬಳನ್ನ ನಾನು ಒಂದು ವರ್ಷದಿಂದ ಲಂಟಾನದ ಪೊದೆಯಲ್ಲಿ ಕೂತು ನೋಡ್ತಿದೀನಿ. ಎರಡನೇ ಸುತ್ತಿಗೆ ಎಲ್ಲರ ಹೆಜ್ಜೆ ಗಿಡ್ಡ ಆದರೆ ಅವನದು ಉದ್ದ ಆಗತ್ತೆ. ಅವನ ಗುರುವಿಗೆ ಅದು ಗೊತ್ತೇ ಇಲ್ಲ, ದಂಡಪಿಂಡ."

ಭಟ್ಟರನ್ನು ಪಕ್ಕದ ಕೋಣೆಗೆ ಕಳಿಸಿ ಶಾಸ್ತ್ರಿಗಳನ್ನು ಕರೆಸಿದ. ಅದೇ ಪಂದ್ಯ, ಅದೇ ಛತ್ರಿ.

"ಕೆಂಚ," ಎಂದರು ಶಾಸ್ತ್ರಿಗಳು, ಯೋಚಿಸಲೂ ಇಲ್ಲ. "ನಮ್ಮವನು ಓಟಕ್ಕೆ ಮುಂಚೆ ಎರಡು ಮುದ್ದೆ ನುಂಗಿ ಬರ್ತಾನೆ, ಬೈದರೆ ಅಳ್ತಾನೆ. ಕೆಂಚ ಸೋತ ಮರುದಿನ ಎಲ್ಲರಿಗಿಂತ ಮೊದಲು ಕೆರೆ ಏರಿ ಮೇಲಿರ್ತಾನೆ. ನಾನು ಗೋಣಿತಾಟು ಹೊದ್ದು ಕೂತು ಕಣ್ಣಾರೆ ಕಂಡಿದೀನಿ. ಸೋಲು ಅರಗಿಸಿಕೊಳ್ಳೋ ಹುಡುಗ ಅವನು. ಆ ಭಟ್ಟನ ಕೈಯಲ್ಲಿ ಹಾಳಾಗ್ತಿದ್ದಾನೆ, ಪಾಪ."

ಅಳಸಿಂಗ ಭಟ್ಟರನ್ನೂ ಕರೆದು ತೆರೆ ಸರಿಸಿದ. ದೊರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಪೇಟ ಕಿವಿಯ ಮೇಲೆ ಜಾರಿತ್ತು. ಗುರುಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ನೆಲ ನೋಡಿದರು.

"ಎಲ್ಲ ಸರಿ," ಎಂದ ದೊರೆ, ಕಣ್ಣೊರೆಸಿಕೊಂಡು. "ನನ್ನ ಪ್ರಶ್ನೆಗೆ ಉತ್ತರ ಎಲ್ಲಿ?"

"ಪ್ರಭು, ಗುರು ತನ್ನ ಶಿಷ್ಯನನ್ನು ಹೊಗಳಿದರೆ ಅದು ಅಭಿಮಾನ. ಎದುರಾಳಿಯ ಗುರು ಛತ್ರಿಗೆ ಹೆದರಿ ಹೊಗಳಿದರೆ ಅದು ಸಾಕ್ಷಿ. ಸಾಕ್ಷಿ ಇಬ್ಬರಿಗೂ ಸಮ."

"ಹಾಗಾದರೆ ಯಾವ ಶಾಲೆ ಮುಚ್ಚಲಿ?"

"ಭಟ್ಟರದ್ದು ಮುಚ್ಚಿದರೆ ಓಬಳನ ಬೆಲೆ ಬಲ್ಲ ಒಬ್ಬರೇ ಒಬ್ಬರು ಊರು ಬಿಡ್ತಾರೆ. ಶಾಸ್ತ್ರಿಗಳದ್ದು ಮುಚ್ಚಿದರೆ ಕೆಂಚನದೂ ಅದೇ ಗತಿ. ಯಾವುದು ಅಂತ ತಾವೇ ಹೇಳಿ ಪ್ರಭು, ಬೀಗ ನಾನು ತರ್ತೀನಿ."

ದೊರೆ ಜಾರಿದ ಪೇಟ ಸರಿಮಾಡಿಕೊಂಡ. "ಬೀಗ ಬೇಡ. ಎರಡೂ ಇರಲಿ. ಆದರೆ ನನ್ನ ಒಡ್ಡೋಲಗದ ಗತಿಯೇನೋ? ನಾಳೆ ಬೆಳಗಾದರೆ ಇವರಿಬ್ಬರೂ ಮತ್ತೆ ಹಾಜರಾಗ್ತಾರೆ."

"ಆಗಲಿ ಪ್ರಭು, ಮನದಣಿಯೆ ಹೊಗಳಲಿ. ಎದುರು ಶಾಲೆಯ ಹುಡುಗನನ್ನು ಮಾತ್ರ ಹೊಗಳಬೇಕು ಅಂತ ಒಂದು ಅಪ್ಪಣೆ ಆಗಲಿ."

ದೊರೆ ಅಲ್ಲೇ ಅಪ್ಪಣೆ ಮಾಡಿ, ತನ್ನ ಹೆಗಲ ಶಾಲನ್ನು ಅಳಸಿಂಗನಿಗೆ ಹೊದಿಸಿದ. ಅಂದಿನಿಂದ ಆ ಇಬ್ಬರು ಗುರುಗಳು ಅರಮನೆಯ ಮೆಟ್ಟಿಲು ಹತ್ತಲಿಲ್ಲ.