ಕಡವೆಕೊಂಬಿಗೆ ಕುಲಾವಿ

ಪೂಜ್ಯ ರುದ್ರವ್ವತಾಯಿಯವರ ದರ್ಶನಕ್ಕೆಂದು ಬಂದವರು ಪೀಠದ ಕಡೆ ನೋಡಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಅಡುಗೆಮನೆಗೇ ಹೋಗಬೇಕು. ಹೊನ್ನಾಲಕೊಪ್ಪದ ಆ ಮಠದಲ್ಲಿ ಇದ್ದದ್ದೇ ಮೂರು ಅಂಕಣ. ಅದರಲ್ಲಿ ಎರಡನ್ನು ತಾಯಿಯವರು ದಾಸೋಹಕ್ಕೇ ಬಿಟ್ಟಿದ್ದರು. ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡು, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ, ಕುಂಬಳಕಾಯಿ ಹೆಚ್ಚುತ್ತ ಕೂತಿರುತ್ತಿದ್ದರು. ಬಂದವರ ಕೈಗೂ ಒಂದು ಹೋಳು ಕೊಟ್ಟು, "ಸಿಪ್ಪಿ ತಗೀಪಾ" ಅನ್ನುತ್ತಿದ್ದರು. ಎಂಥೆಂಥ ದೊಡ್ಡ ಮನುಷ್ಯರೂ ಸಿಪ್ಪೆ ತೆಗೆದೇ ಆಶೀರ್ವಾದ ಪಡೆದದ್ದುಂಟು!

ಊರು ಕಾಡಿನ ಅಂಚಿನದು. ಕಡವೆಗಳು ವರ್ಷವರ್ಷ ಕಳಚಿ ಬೀಳಿಸುವ ಕೊಂಬನ್ನು ಆಯ್ದು ತರಲು ಆ ಕಾಲದಲ್ಲಿ ಅಡ್ಡಿಯಿರಲಿಲ್ಲ. ಆ ಕೊಂಬನ್ನೇ ಹಿಡಿ ಮಾಡಿ ಚೂರಿ ಕಟ್ಟುವುದರಲ್ಲಿ ಕಂಬಾರ ಮಾನಪ್ಪನನ್ನು ಮೀರಿಸಿದವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಕೊಯ್ದ ಕೊಂಬಿನೊಳಗೆ ಬೆಂಡಿನಂಥ ಮೆತ್ತನೆಯ ತಿರುಳಿರುತ್ತದೆ. ಅದಕ್ಕೆ ನೀರು ಇಳಿಯಿತೋ, ಒಳಗೆ ಹಾಯ್ದ ಅಲಗಿನ ಕಬ್ಬಿಣಕ್ಕೆ ತುಕ್ಕು ಹಿಡಿದು ಹಿಡಿ ಸಡಿಲಾಗುತ್ತದೆ. ಅದಕ್ಕೇ ಹಿಡಿಯ ತುದಿಗೆ ಹಿತ್ತಾಳೆಯ ಪುಟ್ಟ ಟೊಪ್ಪಿಗೆ ಕೂಡಿಸುವುದು. ಮಾನಪ್ಪನ ಮನೆತನದಲ್ಲಿ ಆ ಟೊಪ್ಪಿಗೆಗೆ ಕುಲಾವಿ ಎಂದೇ ಹೆಸರು. ಎಳೆಗೂಸಿನ ತಲೆಗೆ ಕಟ್ಟುವ ಬಟ್ಟೆಯ ಟೊಪ್ಪಿಗೆಗೂ ಅದೇ ಹೆಸರಲ್ಲವೇ!

ಮಾನಪ್ಪನ ಮಗ ಸೋಮಲಿಂಗ ಎರಡು ವರ್ಷದವನಿದ್ದಾಗ ಚಳಿಜ್ವರ ಬಂದು ತೀರಿಕೊಂಡ. ಅಂದಿನಿಂದ ಮಾನಪ್ಪ ಚೂರಿ ಮಾಡಿದನೇ ಹೊರತು ಕುಲಾವಿ ಕೂಡಿಸಲಿಲ್ಲ. ಆ ಶಬ್ದವನ್ನೂ ಬಾಯಲ್ಲಿ ಆಡಲಿಲ್ಲ. ದೇವರು ದಿಂಡರು ಎಂದರೆ ಉರಿದುಬೀಳುತ್ತಿದ್ದ. ಮರುವರ್ಷ ಹೆಂಡತಿ ಕಾಳವ್ವ ಇನ್ನೊಂದು ಗಂಡುಕೂಸನ್ನು ಹೆತ್ತಳು. ಹೋದ ಸೋಮನೇ ತಿರುಗಿ ಬಂದ ಎಂದು ಓಣಿಗೆ ಓಣಿಯೇ ಹಿಗ್ಗಿತು. ಕಾಳವ್ವ ಪೆಟ್ಟಿಗೆಯಲ್ಲಿದ್ದ ಸೋಮನ ಕುಲಾವಿ ತೆಗೆದು ಕೂಸಿಗೆ ಕಟ್ಟಿದಳು. ಹೆಸರೂ ಅವನದನ್ನೇ ಇಡುವುದೆಂದು ಹಿರಿಯರು ನಿಶ್ಚಯಿಸಿದರು. ಆಗ ಮಾನಪ್ಪ ತೊಟ್ಟಿಲ ಶಾಸ್ತ್ರವನ್ನೇ ನಿಲ್ಲಿಸಿಬಿಟ್ಟ. ಐದು ತಿಂಗಳಾದರೂ ಕೂಸಿಗೆ ಹೆಸರಿಲ್ಲ, ತಂದೆಯ ತೊಡೆಯಿಲ್ಲ. ಎದುರಿಗೆ ತಂದರೆ ಎದ್ದು ಹೊರಗೆ ಹೋಗುವನು. ಅಯ್ಯೋ ಪಾಪ, ಆ ಕೂಸು ಯಾರಿಗೆ ಏನು ಮಾಡಿತ್ತು!

ಒಂದು ಬೆಳಿಗ್ಗೆ ಕಾಳವ್ವ ಕೂಸನ್ನು ಬಗಲಲ್ಲಿ ಎತ್ತಿಕೊಂಡು ದಾಸೋಹದ ಸೇವೆಗೆ ಬಂದಿದ್ದಳು. ತಾಯಿಯವರ ಕೈಯಲ್ಲಿ ಮಾನಪ್ಪನೇ ಮಾಡಿದ ಚೂರಿಯಿತ್ತು, ಕುಲಾವಿಯಿಲ್ಲದ ಚೂರಿ. ಹೆಚ್ಚುತ್ತಿರುವಾಗಲೇ ಹಿಡಿಯಲ್ಲಿ ಅಲಗು ಹೊರಳಿ ಅಂಗೈ ಕೊಯ್ದಿತು. ರಕ್ತ ಕಂಡು ಕಾಳವ್ವ ಅತ್ತೇಬಿಟ್ಟಳು. ತಾಯಿಯವರು ಗಾಯಕ್ಕೆ ಅರಿಸಿನ ಒತ್ತಿ ಬಟ್ಟೆ ಸುತ್ತಿಕೊಂಡು, "ಅಳಬ್ಯಾಡವಾ. ನಿನ್ನ ಗಂಡಗ ಹತ್ಯಾರದ ಚೀಲ ತಗೊಂಡು ಬಾ ಅನ್ನು" ಎಂದಷ್ಟೇ ನುಡಿದರು.

ಕೂಸನ್ನೆತ್ತಿಕೊಂಡ ಕಾಳವ್ವನ ಹಿಂದೆಯೇ ಮಾನಪ್ಪ ಬಂದ. ನಮಸ್ಕಾರ ಮಾಡಲಿಲ್ಲ.

"ಎಲ್ಲಾರೂ ಹೇಳಿದ್ದನ್ನ ನೀವೂ ಹೇಳಾಕ ಕರಿಸೀರಿ. ಗೊತ್ತದ ನನಗ."

"ಎಲ್ಲಾರೂ ಏನ್ ಹೇಳ್ಯಾರಪಾ?"

"ಸೋಮನ ತಿರುಗಿ ಬಂದಾನ, ಎತ್ತಿಕೋ ಅಂತ. ಇವನ ಅವಾ ಆದ್ರ, ನಾ ಈ ಕೈಯಾರೆ ಮಣ್ಣು ಕೊಟ್ಟು ಬಂದಿದ್ದು ಯಾರಿಗ್ರೀ ಯವ್ವಾ?"

ತಾಯಿಯವರು ಬಟ್ಟೆ ಸುತ್ತಿದ ಕೈಯಿಂದ ಚೂರಿಯನ್ನು ಅವನ ಮುಂದೆ ಸರಿಸಿದರು. "ಇದಕ್ಕ ಕುಲಾವಿ ಕೂಡಸು."

ಆ ಕೈ ಕಂಡು ಮಾನಪ್ಪನ ಮುಖ ಇಳಿದುಹೋಯಿತು. ತಪ್ಪು ತನ್ನದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ತುಕ್ಕು ಉಜ್ಜಿ, ಅರಗು ಕಾಸಿ ಹಿಡಿಯೊಳಗೆ ಹೊಯ್ದು, ಅಲಗನ್ನು ಗಟ್ಟಿಯಾಗಿ ಕೂಡಿಸಿದ. ಆದರೆ ಹೊಸ ಕುಲಾವಿ ಮಾಡಲು ಮನಸ್ಸು ಬಾರದು. ಚೀಲದ ತಳದಲ್ಲಿ, ಯಾವುದೋ ಮುರಿದ ಚೂರಿಯಿಂದ ಬಿಚ್ಚಿದ ಕುಲಾವಿಯೊಂದು ಬಿದ್ದಿತ್ತು. ಅದನ್ನೇ ತಂದು ಒತ್ತಿದ. ಒಂದು ಮಗ್ಗುಲು ಕೂತರೆ ಇನ್ನೊಂದು ಮಗ್ಗುಲು ಎದ್ದಿತು. ಸಿಟ್ಟಿಗೆ ಸುತ್ತಿಗೆ ಎತ್ತಿ ಹೊಡೆದ. ಕೊಂಬಿನ ತುದಿ ಚಿಟ್ಟೆಂದು ಸೀಳಿತು.

"ಯಾವುದರದ್ದಪಾ ಅದು?" ತಾಯಿಯವರು ಕೇಳಿದರು.

"ಹಳೇ ಚೂರೀದು."

"ಇದಕ್ಕ ಕೂಡತದೇನು?"

ಮಾನಪ್ಪ ದೇವರ ಮುಂದಾದರೂ ಸುಳ್ಳು ಹೇಳಿಯಾನು, ಕಸುಬಿನ ಮಾತಲ್ಲಿ ಮಾತ್ರ ಹೇಳಲಾರ. "ಇಲ್ರೀ ಯವ್ವಾ. ಒಂದು ಕೊಂಬಿನಂಗ ಇನ್ನೊಂದು ಇರೂದಿಲ್ಲ. ಹಿಡೀಗೆ ದಾರ ಸುತ್ತಿ ಅಳತಿ ತಗೊಂಡು, ಅದಕ್ಕ ಅದರದ್ದ ತಗಡು ಬಡೀಬೇಕು. ಒಂದರ ಕುಲಾವಿ ಇನ್ನೊಂದಕ್ಕ ಹಾಕಿ ಹೊಡದ್ರ ಕೊಂಬೂ ಸೀಳತದ, ಕುಲಾವೀನೂ..."

ಅವನ ಕಣ್ಣು ಕೂಸಿನ ತಲೆಯ ಮೇಲಿದ್ದ ಕುಲಾವಿಯತ್ತ ಹೊರಳಿತು.

ತಾಯಿಯವರು ಕಾಳವ್ವನ ಬಗಲಲ್ಲಿದ್ದ ಕೂಸಿನ ಗದ್ದದ ಕೆಳಗೆ ಕೈಹಾಕಿ ಲಾಡಿ ಬಿಚ್ಚಿದರು. ಆ ಹಳೆಯ ಕುಲಾವಿಯನ್ನು ತೆಗೆದು ಮಾನಪ್ಪನ ಅಂಗೈಯಲ್ಲಿಟ್ಟರು.

"ಇದು ಸೋಮಂದು. ಅವನದ ಇರಲಿ. ಇವಾ ಸೋಮ ಅಲ್ಲಪಾ ಮಾನಪ್ಪ, ಇವಾ ಬ್ಯಾರೆ."

ಐದು ತಿಂಗಳಲ್ಲಿ ಒಬ್ಬರಾದರೂ ಆ ಮಾತು ಆಡಿರಲಿಲ್ಲ! ಮಾನಪ್ಪ ಕುಲಾವಿಯನ್ನು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತ. ಮಗನಿಗೆ ಮಣ್ಣು ಕೊಟ್ಟ ದಿನ ಅಳದವನು ಅಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತ. ಕಾಳವ್ವ ಪಕ್ಕದಲ್ಲಿ ಕುಸಿದು, "ನಂಗೂ ಗೊತ್ತಿತ್ತು, ಅವಾ ಬರೂದಿಲ್ಲಂತ. ಗೊತ್ತಿದ್ದೂ ಕಟ್ಟಿದ್ನಿ" ಅಂದಳು. ಗಂಡಹೆಂಡತಿ ಸತ್ತ ಮಗನಿಗಾಗಿ ಕೂಡಿ ಅತ್ತದ್ದು ಅದೇ ಮೊದಲು. ತಾಯಿಯವರು ಒಲೆಯ ಉರಿ ತಗ್ಗಿಸಿ, ಅವರ ಹತ್ತಿರ ಬಂದು ಕೂತರು.

ಎಷ್ಟೋ ಹೊತ್ತಾದ ಮೇಲೆ ಮಾನಪ್ಪ ಕಣ್ಣೊರೆಸಿಕೊಂಡು ಕೂಸನ್ನು ನೋಡಿದ. ಸೋಮನದು ಸಣ್ಣ ಹಣೆ. ಇದರದು ಅಗಲ ಹಣೆ. ಕಿವಿಯ ಮೇಲೆ ಬಿಗಿ ಕುಲಾವಿ ಒತ್ತಿ ಕೆಂಪು ಗೆರೆ ಮೂಡಿತ್ತು.

"ಏ ಕಾಳೀ, ಇವನ ತಲಿ ದೊಡ್ಡದೈತಲ್ಲ! ಎಷ್ಟು ನೊಂದಿತ್ತೋ ಏನೋ, ನನ್ನಪ್ಪಗ" ಎಂದವನೇ ಕೈ ಚಾಚಿದ. ಕೂಸು ಹೊಸ ಮುಖವೆಂದು ಅಳಲಿಲ್ಲ. ತೋಳಿಗೆ ಬಂದು ನೆಟ್ಟಗೆ ಅವನ ಮೀಸೆಗೇ ಕೈಹಾಕಿತು. ಮಾನಪ್ಪ ಚೀಲದಿಂದ ದಾರ ತೆಗೆದು, ಆ ತಲೆಗೆ ಸುತ್ತಿ ಅಳತೆ ಹಿಡಿದು, ಗಂಟು ಹಾಕಿ ಕಾಳವ್ವನ ಕೈಗೆ ಕೊಟ್ಟ. ಆಮೇಲೆ ಇನ್ನೊಂದು ದಾರವನ್ನು ಚೂರಿಯ ಹಿಡಿಗೆ ಸುತ್ತಿದ. ಸೀಳಿದ ತುದಿಯನ್ನು ಕೊಯ್ದು ತೆಗೆದು, ಅರದಿಂದ ಉಜ್ಜಿ, ಹಿತ್ತಾಳೆ ಬಡಿದು ಹೊಸ ಕುಲಾವಿ ಕೂಡಿಸಿದ. ಸಂಜೆಯ ದಾಸೋಹಕ್ಕೆ ತಾಯಿಯವರು ಅದೇ ಚೂರಿಯಿಂದ ಹೆಚ್ಚಿದರು.

ಹೊರಡುವಾಗ ಮಾನಪ್ಪ ತಾಯಿಯವರ ಪಾದಕ್ಕೆ ಹಣೆ ಹಚ್ಚಿ, "ಕೂಸಿಗೆ ನೀವ ಒಂದು ಹೆಸರು ಹೇಳ್ರಿ ಯವ್ವಾ" ಎಂದು ಬೇಡಿಕೊಂಡ.

"ತಂದಿ ಇದ್ದಾನಲ್ಲ, ನನ್ನ ಯಾಕ ಕೇಳತಿ?" ಎಂದು ತಾಯಿಯವರು ನಕ್ಕರು. ಮುಂದಿನ ಸೋಮವಾರವೇ ತೊಟ್ಟಿಲು ಕಟ್ಟಿದರು. ಮಾನಪ್ಪ ಆರಿಸಿದ ಹೆಸರು ಚಂದ್ರಾಮ.

ಮುಂದೆ ಮಾನಪ್ಪ ಬದುಕಿರುವವರೆಗೂ ಅಮಾವಾಸ್ಯೆಗೊಮ್ಮೆ ಮಠಕ್ಕೆ ಬಂದು ದಾಸೋಹದ ಚೂರಿಗಳಿಗೆಲ್ಲ ಸಾಣೆ ಹಿಡಿದುಕೊಡುತ್ತಿದ್ದ. ಚಂದ್ರಾಮನೂ ಜೊತೆಗೆ ಬಂದು ಅಂಗಳದಲ್ಲಿ ಆಡಿಕೊಂಡಿರುತ್ತಿದ್ದ. ಹೊಸಬರು ಯಾರಾದರೂ, "ಒಬ್ಬನೇ ಮಗನೇನ್ರೀ?" ಎಂದು ಕೇಳಿದರೆ ಮಾನಪ್ಪ ಕೈಯ ಕೆಲಸ ನಿಲ್ಲಿಸಿ ಹೇಳುತ್ತಿದ್ದ:

"ಇಲ್ರೀ, ಇಬ್ಬರು. ದೊಡ್ಡಾವ ಸೋಮ, ಅವಾ ಇಲ್ಲ. ಸಣ್ಣಾವ ಚಂದ್ರಾಮ, ಅಲ್ಲಿ ಆಡಾಕತ್ಯಾನ ನೋಡ್ರಿ."